ಸೌದೆ ಒಲೆಯ ಕೊಳವೆಯನ್ನು ಇಟ್ಟಿಗೆ ಚಿಮಣಿಗೆ ಜೋಡಿಸುವುದು ಹೇಗೆ?

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: “ಕಬ್ಬಿಣದ ಸೌದೆ ಒಲೆ ತಂದಿದ್ದೇವೆ. ಮನೆಯಲ್ಲಿ ಹಳೆಯ ಇಟ್ಟಿಗೆ ಚಿಮಣಿ ಇದೆ. ಗೋಡೆಗೊಂದು ತೂತು ಹೊಡೆದು, ಕೊಳವೆ ತೂರಿಸಿ, ಸುತ್ತ ಸಿಮೆಂಟ್ ಮೆತ್ತಿದರೆ ಆಯಿತಲ್ಲವೇ?”

ಆಗುವುದಿಲ್ಲ. ಹಾಗೆ ಜೋಡಿಸಿದ ಒಲೆಯೂ ಉರಿಯುತ್ತದೆ, ಹೊಗೆಯೂ ಹೊರಗೆ ಹೋಗುತ್ತದೆ. ಜನ ಮೋಸಹೋಗುವುದು ಅದಕ್ಕೇ. ತಪ್ಪು ಜೋಡಣೆ ಮೊದಲ ದಿನವೇ ತನ್ನ ಗುಣ ತೋರಿಸುವುದಿಲ್ಲ. ಚಿಮಣಿಯೊಳಗೆ ಟಾರಿನಂಥ ಮಸಿ ಕಟ್ಟಿಕೊಂಡು, ಗೋಡೆಯೊಳಗಿನ ಮರ ವರ್ಷಗಟ್ಟಲೆ ಬಿಸಿ ತಿಂದು ಕರಕಾದ ಮೇಲೆ ಯಾವುದೋ ರಾತ್ರಿ ತೋರಿಸುತ್ತದೆ.

ಕೆಲಸದುದ್ದಕ್ಕೂ ಮೂರು ಸಂಗತಿ ನೆನಪಿನಲ್ಲಿರಲಿ. ಹೊಗೆ ಮೇಲಕ್ಕೆ ಹೋಗುತ್ತದೆ. ಆ ಹೊಗೆ ತಣಿದು ಇಳಿಯುವ ರಸ ಕೆಳಕ್ಕೆ ಹರಿಯುತ್ತದೆ. ಶಾಖ ಸುತ್ತಲೂ ಹರಡುತ್ತದೆ. ಮುಂದೆ ಹೇಳುವ ಯಾವ ನಿಯಮ ಯಾಕೆಂದು ಅನುಮಾನ ಬಂದರೂ ಈ ಮೂರರಲ್ಲಿ ಒಂದು ಕಡೆ ಉತ್ತರ ಸಿಗುತ್ತದೆ.

ಇಲ್ಲಿರುವ ಅಳತೆಗಳು ಹೆಚ್ಚಿನವು ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಚಿಮಣಿ ಮಾನದಂಡದವು. ನಿಮ್ಮ ಒಲೆಯ ಕೈಪಿಡಿ ಅಥವಾ ನಿಮ್ಮಲ್ಲಿಯ ಕಟ್ಟಡ ನಿಯಮ ಇದಕ್ಕಿಂತ ಹೆಚ್ಚಿನ ಅಂತರ ಕೇಳಿದರೆ ಅದನ್ನೇ ಪಾಲಿಸಿ.

ಮೊದಲು ನಾಲ್ಕು ಪದ

ಒಲೆಯ ಬಾಯಿಂದ, ಅಂದರೆ ಹೊಗೆ ಹೊರಬರುವ ದುಂಡು ತೂತಿನಿಂದ, ಗೋಡೆಯವರೆಗೆ ಕೋಣೆಯೊಳಗೆ ಕಾಣುವ ತಗಡಿನ ಕೊಳವೆಯೇ ಒಲೆ ಕೊಳವೆ. ಅದು ಚಿಮಣಿಯಲ್ಲ; ಒಲೆಗೂ ಚಿಮಣಿಗೂ ನಡುವಿನ ಕೊಂಡಿ ಮಾತ್ರ. ಇಟ್ಟಿಗೆ ಚಿಮಣಿಯ ಒಳಗೆ ಹೊಗೆ ಏರುವ ಟೊಳ್ಳು ದಾರಿಗೆ ಹೊಗೆನಾಳ ಎನ್ನೋಣ. ಆ ನಾಳದ ಒಳಮೈಗೆ ಹಾಕಿದ ಸುಟ್ಟಮಣ್ಣಿನ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪದರ ಲೈನರ್. ಗೋಡೆಯ ದಪ್ಪದೊಳಗೆ ಶಾಶ್ವತವಾಗಿ ಕೂರಿಸುವ, ಒಲೆ ಕೊಳವೆಯನ್ನು ತನ್ನೊಳಗೆ ಬಿಟ್ಟುಕೊಳ್ಳುವ ಗಟ್ಟಿ ಬಳೆಯಂಥ ತುಂಡು ಥಿಂಬಲ್. ಐದನೆಯದೊಂದು ಪದವಿದೆ, ಕ್ರಿಯೋಸೋಟ್. ಸೌದೆ ಹೊಗೆ ತಣಿದಾಗ ನಾಳದ ಗೋಡೆಗೆ ಅಂಟುವ ಕಪ್ಪು ಪದಾರ್ಥ ಅದು. ಮೊದಲು ಪುಡಿಮಸಿ, ಆಮೇಲೆ ಹಕ್ಕಳೆ, ಕೊನೆಗೆ ಕರಿಗಾಜಿನಂತೆ ಹೊಳೆಯುವ ಗಟ್ಟಿ ಪದರ. ಅದು ಹೊತ್ತಿ ಉರಿಯುತ್ತದೆ. ಚಿಮಣಿಯೊಳಗಿನ ಬೆಂಕಿಯ ಬಿಸಿ 1000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು.

ಬೇಕಾಗುವ ಸಾಮಾನು

ಒಲೆಯ ಬಾಯಿಯಷ್ಟೇ ವ್ಯಾಸದ, ಕನಿಷ್ಠ 24 ಗೇಜ್ ದಪ್ಪದ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ) ಕಪ್ಪು ಉಕ್ಕಿನ ಕೊಳವೆ, ಬೇಕಿದ್ದಷ್ಟು ಎಲ್ಬೋ (ತಿರುವಿಗೆ ಹಾಕುವ ಬಾಗಿದ ತುಂಡು), ಥಿಂಬಲ್, ತಗಡಿಗೆ ಹಾಕುವ ಸ್ಕ್ರೂ, ಬೆಂಕಿ ತಾಳುವ ಗಾರೆ (ರಿಫ್ರ್ಯಾಕ್ಟರಿ ಸಿಮೆಂಟ್), ಸಂದು ಮುಚ್ಚಲು ಸೆರಾಮಿಕ್ ನಾರಿನ ಹಗ್ಗ. ಉಪಕರಣಗಳಲ್ಲಿ ಟೇಪು, ರಸಮಟ್ಟ, ತೂಕದ ಗುಂಡು, ಕಲ್ಲು ಕೊರೆಯುವ ಡ್ರಿಲ್, ಉಳಿ, ಸುತ್ತಿಗೆ, ಟಾರ್ಚ್, ಒಂದು ಕೈಗನ್ನಡಿ. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮಾಸ್ಕ್ ಮರೆಯಬೇಡಿ.

ಸತು ಲೇಪಿಸಿದ ಬಿಳಿ ತಗಡಿನ ಕೊಳವೆ ಬೇಡ. ಗಾಳಿ ಹಾಯಿಸಲು ಬಳಸುವ ಆ ಕೊಳವೆ ಸುಲಭವಾಗಿ ಸಿಗುತ್ತದೆ, ಅಳತೆಯೂ ಹೊಂದುತ್ತದೆ. ಆದರೆ ಸತು 419 ಡಿಗ್ರಿಗೆ ಕರಗುತ್ತದೆ, ಅತಿ ಬಿಸಿಗೆ ಕೆಟ್ಟ ಹೊಗೆ ಬಿಡುತ್ತದೆ. ಅನಿಲ ಒಲೆಗೆಂದು ಮಾಡಿದ ಅಲ್ಯೂಮಿನಿಯಂ ಲೈನರ್ ಕೂಡ ಸೌದೆಯ ಬಿಸಿ ತಡೆಯುವುದಿಲ್ಲ.

ಹಂತ 1: ಚಿಮಣಿಯನ್ನು ಪರೀಕ್ಷಿಸಿ

ಹೆಚ್ಚಿನವರು ಹಾರಿಸುವ ಹಂತ ಇದೇ. ಕೊಳವೆ ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿದರೂ ಅದು ಹೋಗಿ ಸೇರುವ ನಾಳ ಕೆಟ್ಟಿದ್ದರೆ ಅಷ್ಟೂ ಕೆಲಸ ವ್ಯರ್ಥ.

ಮೊದಲು ಚಿಮಣಿಯನ್ನು ಬ್ರಷ್ ಹಾಕಿ ಪೂರ್ತಿ ಗುಡಿಸಿ. ಮಸಿ ಕೂತಿರುವಾಗ ಬಿರುಕು ಕಾಣುವುದಿಲ್ಲ. ಆಮೇಲೆ ಕೆಳಗಿನ ಬೂದಿಬಾಗಿಲು ತೆರೆದು ಕೈಗನ್ನಡಿಯನ್ನು ಓರೆಯಾಗಿ ಒಳಗೆ ಹಿಡಿಯಿರಿ, ಟಾರ್ಚನ್ನು ಕನ್ನಡಿಗೆ ಬಿಡಿ. ಬೆಳಕು ನಾಳದುದ್ದಕ್ಕೂ ಏರಿ, ತುದಿಯಲ್ಲಿ ಆಕಾಶದ ಚೌಕ ಕಾಣಬೇಕು. ಕಾಣದಿದ್ದರೆ ಹಕ್ಕಿಗೂಡೋ ಬಿದ್ದ ಇಟ್ಟಿಗೆಯೋ ದಾರಿ ಕಟ್ಟಿದೆ, ಇಲ್ಲವೇ ನಾಳ ಎಲ್ಲೋ ಬಾಗಿದೆ. ಕಂಡರೆ ಈಗ ಗೋಡೆ ನೋಡಿ. ಸುಟ್ಟಮಣ್ಣಿನ ಲೈನರ್ ಇದ್ದರೆ ಒಂದರ ಮೇಲೊಂದು ಕೂತ ಹೆಂಚಿನ ಪೆಟ್ಟಿಗೆಗಳಂತೆ ನಯವಾಗಿ, ಒಂದೇ ಬಣ್ಣದಲ್ಲಿ ಕಾಣುತ್ತದೆ. ಮೇಲಿಂದ ಕೆಳಕ್ಕೆ ಓಡಿದ ಕೂದಲೆಳೆಯ ಬಿರುಕು, ಉದುರಿದ ಮೂಲೆ, ಎರಡು ಪೆಟ್ಟಿಗೆಗಳ ನಡುವೆ ಗಾರೆ ಹೋಗಿ ಬಿಟ್ಟ ಕಪ್ಪು ಸಂದು, ಇವೆಲ್ಲ ಹಿಂದೆ ಚಿಮಣಿಗೆ ಬೆಂಕಿ ಬಿದ್ದ ಅಥವಾ ಕಟ್ಟಡ ಕುಸಿದ ಗುರುತುಗಳು.

ಬರೀ ಇಟ್ಟಿಗೆ ಸಾಲು ಕಂಡರೆ ಲೈನರ್ ಇಲ್ಲವೆಂದೇ ಅರ್ಥ. ಹಳೆಯ ಚಿಮಣಿಗಳಲ್ಲಿ ಇದು ತೀರಾ ಸಾಮಾನ್ಯ. ಸಾಲುಗಳ ನಡುವಿನ ಗಾರೆಯನ್ನು ಬೀಗದ ಕೈಯ ತುದಿಯಿಂದ ಕೆರೆದು ನೋಡಿ. ಹೊಗೆಯ ಆಮ್ಲ ತಿಂದ ಗಾರೆ ಮರಳಾಗಿ ಉದುರುತ್ತದೆ. ಅಂಥ ಸಂದುಗಳಿಂದ ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಮನೆಯೊಳಗೆ ನುಸುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗದಂತೆ ಕೊಲ್ಲುತ್ತದೆ. ಲೈನರ್ ಇಲ್ಲದ ಅಥವಾ ಬಿರಿದ ನಾಳಕ್ಕೆ ಸೌದೆ ಒಲೆಗೆಂದೇ ತಯಾರಿಸಿದ ಸ್ಟೇನ್‌ಲೆಸ್ ಸ್ಟೀಲ್ ಲೈನರನ್ನು, ಮೈಸುತ್ತ ಶಾಖನಿರೋಧಕ ಹೊದಿಕೆ ಹಾಕಿ, ಮೇಲಿಂದ ಕೆಳತನಕ ಇಳಿಸಬೇಕು. ಇದಕ್ಕೆ ಅಡ್ಡದಾರಿಯಿಲ್ಲ. ಒಳಗೆ ಗಿಲಾವು ಬಳಿದು ಮುಗಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಪರೀಕ್ಷೆಯ ಬಗ್ಗೆ ನಿಮಗೇ ಧೈರ್ಯ ಸಾಲದಿದ್ದರೆ ಚಿಮಣಿ ಕೆಲಸ ಗೊತ್ತಿರುವವರನ್ನು ಕರೆಸಿ ಕ್ಯಾಮೆರಾ ಇಳಿಸಿ ನೋಡಿಸಿ. ಇಡೀ ಕೆಲಸದಲ್ಲಿ ಹಣ ಕೊಟ್ಟು ಮಾಡಿಸಲೇಬೇಕಾದ ಭಾಗ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಜೊತೆಗೆ ಇನ್ನೆರಡು ನೋಟ. ಆ ನಾಳಕ್ಕೆ ಬೇರೆ ಒಲೆಯೋ ಬಾಯ್ಲರೋ ಜೋಡಿಸಿಲ್ಲ ತಾನೇ? ಒಂದು ಸೌದೆ ಒಲೆಗೆ ಒಂದೇ ನಾಳ ಇರಬೇಕು. ಹಂಚಿಕೊಂಡರೆ ಒಂದರ ಹೊಗೆ ಇನ್ನೊಂದರ ಮೂಲಕ ಕೋಣೆಗೆ ಬರುತ್ತದೆ. ಎರಡನೆಯದು, ಬೂದಿಬಾಗಿಲು ಬಿಗಿಯಾಗಿ ಮುಚ್ಚುತ್ತದೆಯೇ? ಅದರ ಸಂದಿನಿಂದ ತಣ್ಣನೆ ಗಾಳಿ ಒಳಗೆ ಹೋದರೆ ಚಿಮಣಿ ಒಲೆಯನ್ನು ಬಿಟ್ಟು ಆ ಗಾಳಿಯನ್ನೇ ಎಳೆಯುತ್ತದೆ.

ಹಂತ 2: ಅಳತೆ ಹೊಂದಿಸಿ

ಚಿಮಣಿ ಹೊಗೆಯನ್ನು ಎಳೆಯುವುದು ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿ, ಹಗುರಾಗಿ ಇರುವುದರಿಂದ. ಹಾಗಾಗಿ ನಾಳ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ದೊಡ್ಡ ನಾಳದಲ್ಲಿ ಹೊಗೆ ಹರಡಿ, ನಿಧಾನವಾಗಿ, ತಣಿಯುತ್ತದೆ. ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಕ್ರಿಯೋಸೋಟ್ ಕಟ್ಟತೊಡಗುತ್ತದೆ.

ನಿಯಮ ಹೀಗಿದೆ: ನಾಳದ ಅಡ್ಡಕೊಯ್ತದ ವಿಸ್ತೀರ್ಣ ಒಲೆಯ ಬಾಯಿಗಿಂತ ಕಡಿಮೆ ಇರಕೂಡದು. ಚಿಮಣಿ ಮನೆಯೊಳಗೇ ಇದ್ದರೆ ಬಾಯಿಯ ಮೂರು ಪಟ್ಟು, ಹೊರಗೋಡೆಗೆ ಅಂಟಿ ಚಳಿಗಾಳಿಗೆ ಒಡ್ಡಿಕೊಂಡಿದ್ದರೆ ಎರಡು ಪಟ್ಟು ಮೀರಕೂಡದು. 6 ಇಂಚಿನ ಬಾಯಿಯ ವಿಸ್ತೀರ್ಣ ಸುಮಾರು 28 ಚದರ ಇಂಚು. ಮನೆಯೊಳಗಿನ ಚಿಮಣಿಗೆ 84, ಹೊರಗಿನದಕ್ಕೆ 56 ಮಿತಿ. ಒಳಅಳತೆ 12 ಇಂಚು ಚೌಕವಿರುವ ನಾಳ 144 ಚದರ ಇಂಚು, ಐದು ಪಟ್ಟು. ಅದಕ್ಕೆ 6 ಇಂಚಿನ ಸ್ಟೀಲ್ ಲೈನರ್ ಇಳಿಸುವುದೇ ಸರಿ.

ಎತ್ತರವನ್ನೂ ನೋಡಿ. ಚಿಮಣಿ ಮಾಡನ್ನು ಹಾದು ಹೊರಬರುವಲ್ಲಿಂದ ಕನಿಷ್ಠ 3 ಅಡಿ ಮೇಲೇಳಬೇಕು, ಸುತ್ತ 10 ಅಡಿಯೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರ ಇರಬೇಕು. ಒಲೆಯಿಂದ ತುದಿಯವರೆಗೆ ಒಟ್ಟು 15 ಅಡಿಗಿಂತ ಕಡಿಮೆಯಿದ್ದರೆ ಎಳೆತ ಸಾಮಾನ್ಯವಾಗಿ ಸಾಲುವುದಿಲ್ಲ.

ಹಂತ 3: ಒಲೆಯ ಜಾಗ, ತೂತಿನ ಜಾಗ

ಒಂಟಿ ಪದರದ ಒಲೆ ಕೊಳವೆಯಿಂದ ಹೊತ್ತಿಕೊಳ್ಳುವ ಯಾವುದೇ ವಸ್ತುವಿಗೆ ಎಲ್ಲ ಕಡೆಯಿಂದಲೂ 18 ಇಂಚು ಅಂತರ ಬೇಕು. ಪರದೆ, ಮರದ ತೊಲೆ, ಜಂತಿ, ಪ್ಲೈವುಡ್ ಎಲ್ಲ ಸೇರಿ. ಜನ ಎಡವುವುದು ಮರದ ಚೌಕಟ್ಟಿನ ಮೇಲೆ ಗಿಲಾವು ಅಥವಾ ಜಿಪ್ಸಂ ಹಲಗೆ ಹೊಡೆದ ಗೋಡೆಯಲ್ಲಿ. ಮೇಲೆ ನೋಡಲು ಸುಣ್ಣದ ಗೋಡೆ, ಒಳಗಿರುವುದು ಮರ. ಗಿಲಾವು ಬಿಸಿಯನ್ನು ತಡೆಯುವುದಿಲ್ಲ, ದಾಟಿಸುತ್ತದೆ. ಬಹುಕಾಲ ಬಿಸಿ ತಿಂದ ಮರ ಹೊಸ ಮರಕ್ಕಿಂತ ಎಷ್ಟೋ ಕಡಿಮೆ ಶಾಖಕ್ಕೆ ಹೊತ್ತಿಕೊಳ್ಳುತ್ತದೆ. ಇಂಥ ಗೋಡೆಯನ್ನು ಮರವೆಂದೇ ಲೆಕ್ಕ ಹಿಡಿಯಿರಿ.

ಜಾಗ ಸಾಲದಿದ್ದರೆ ಗೋಡೆಯಿಂದ 1 ಇಂಚು ಬಿಟ್ಟು, ಹೊತ್ತದ ಆನಿಕೆಗಳ ಮೇಲೆ 24 ಗೇಜ್ ತಗಡಿನ ಅಡ್ಡಪರದೆ ನಿಲ್ಲಿಸಬಹುದು. ಅದರ ಕೆಳಗೂ ಮೇಲೂ ಗಾಳಿಯಾಡಲು ತೆರವಿರಬೇಕು. ಆಗ ಗೋಡೆಯ ಕಡೆಯ 18 ಇಂಚು 6ಕ್ಕೆ ಇಳಿಯುತ್ತದೆ, ಸೂರಿನ ಕಡೆ 9ಕ್ಕೆ. ತಗಡನ್ನು ನೇರವಾಗಿ ಗೋಡೆಗೇ ಮೊಳೆ ಹೊಡೆದು ಅಂಟಿಸಿದರೆ ಯಾವ ಉಪಯೋಗವೂ ಇಲ್ಲ. ಕಾಪಾಡುವುದು ತಗಡಲ್ಲ, ಹಿಂದೆ ಹರಿಯುವ ಗಾಳಿ. ಎರಡು ಪದರದ ಕೊಳವೆಗೆ ಅಂತರ ಕಡಿಮೆ ಸಾಕು. ಎಷ್ಟೆಂಬುದು ತಯಾರಕರ ಚೀಟಿಯ ಮೇಲಿರುತ್ತದೆ.

ತೂತಿನ ಎತ್ತರ ಹೀಗೆ ಲೆಕ್ಕ ಹಾಕಿ. ಸೂರು ಮರದ್ದಾದರೆ 6 ಇಂಚಿನ ಕೊಳವೆಯ ನಡುಬಿಂದು ಸೂರಿನಿಂದ ಕನಿಷ್ಠ 18+3, ಅಂದರೆ 21 ಇಂಚು ಕೆಳಗಿರಬೇಕು. ಅಡ್ಡ ಓಡುವ ಕೊಳವೆ ಒಲೆಯಿಂದ ಚಿಮಣಿಯ ಕಡೆಗೆ ಅಡಿಗೆ ಕಾಲು ಇಂಚಿನಂತೆ ಏರಬೇಕು. ಅಡ್ಡಓಟ ಚಿಕ್ಕದಾದಷ್ಟೂ ಒಳ್ಳೆಯದು. ಒಲೆಯ ಮೇಲಿನ ನೆಟ್ಟಗಿನ ಓಟ ಉದ್ದವಿದ್ದಷ್ಟೂ ಒಳ್ಳೆಯದು. 90 ಡಿಗ್ರಿಯ ಎಲ್ಬೋ ಎರಡಕ್ಕಿಂತ ಹೆಚ್ಚು ಬೇಡ. ಸಾಧ್ಯವಾದರೆ ಒಂದು 90ರ ಬದಲು ಎರಡು 45ರ ಎಲ್ಬೋ ಹಾಕಿ, ಹೊಗೆ ಸರಾಗವಾಗಿ ತಿರುಗುತ್ತದೆ.

ಒಲೆ ಕೊಳವೆ ಮರದ ನೆಲ, ಸೂರು, ಅಟ್ಟ, ಕಪಾಟಿನೊಳಗಿಂದ ಯಾವ ಕಾರಣಕ್ಕೂ ಹಾದುಹೋಗಕೂಡದು. ಅದರ ಪೂರ್ತಿ ಮೈ ಕಣ್ಣೆದುರೇ ಇರಬೇಕು.

ಹಂತ 4: ತೂತು ಕೊರೆಯಿರಿ

ಥಿಂಬಲ್‌ನ ಹೊರವ್ಯಾಸಕ್ಕಿಂತ ಸುತ್ತ ಅರ್ಧ ಇಂಚು ಹೆಚ್ಚಿಗೆ ವೃತ್ತ ಗುರುತಿಸಿ. ನಡುವೆ ಉದ್ದ ಬಿಟ್ ಹಾಕಿ ಒಂದು ಸಣ್ಣ ತೂತು ಕೊರೆದು ಹೊಗೆನಾಳದ ನಡುಭಾಗಕ್ಕೇ ಹೊಕ್ಕಿತೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಆಮೇಲೆ ವೃತ್ತದುದ್ದಕ್ಕೂ ಒತ್ತೊತ್ತಾಗಿ ತೂತು ಕೊರೆದು, ನಡುವೆ ಉಳಿದ ಗೋಡೆಯನ್ನು ಉಳಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ.

ಇಟ್ಟಿಗೆ ಮುಗಿದು ಸುಟ್ಟಮಣ್ಣಿನ ಲೈನರ್ ಸಿಕ್ಕೊಡನೆ ಸುತ್ತಿಗೆ ಕೆಳಗಿಡಿ. ಜೋರಾಗಿ ಒಂದು ಏಟು ಬಿದ್ದರೆ ಮಡಕೆಯಂತೆ ಮೇಲಿನವರೆಗೂ ಬಿರಿಯುತ್ತದೆ. ಡ್ರಿಲ್ಲಿನ ಹೊಡೆತ ನಿಲ್ಲಿಸಿ, ತಿರುಗುವಿಕೆ ಮಾತ್ರ ಇಟ್ಟು, ಇನ್ನೂ ಒತ್ತೊತ್ತಾಗಿ ಕೊರೆಯಿರಿ. ಕೊನೆಯಲ್ಲಿ ಒಳಗೆ ಬಿದ್ದ ಚೂರನ್ನೆಲ್ಲ ಬೂದಿಬಾಗಿಲಿನಿಂದ ತೆಗೆಯಿರಿ.

ಚಿಮಣಿಯ ಮುಂದೆ ಮರದ ಚೌಕಟ್ಟಿನ ಗೋಡೆಯಿದ್ದರೆ ಲೆಕ್ಕವೇ ಬೇರೆ. ಥಿಂಬಲ್‌ನ ಸುತ್ತ ಎಲ್ಲ ಕಡೆ 12 ಇಂಚು ಮರ ಕತ್ತರಿಸಿ ತೆಗೆದು, ಆ ಜಾಗವನ್ನು ಗಟ್ಟಿ ಇಟ್ಟಿಗೆಯಿಂದ ತುಂಬಬೇಕು. ಸಣ್ಣ ಕಿಟಕಿಯಷ್ಟು ದೊಡ್ಡ ತೆರವು ಅದು. ನೋಡಿದಾಗ ಅತಿಯಾಯಿತೇನೋ ಅನಿಸುತ್ತದೆ. ಅತಿಯಲ್ಲ. ಒಂದಿಂಚೂ ಕಡಿಮೆ ಮಾಡಬೇಡಿ.

ಹಂತ 5: ಥಿಂಬಲ್ ಕೂರಿಸಿ

ತೂತಿನ ಅಂಚನ್ನು ಒದ್ದೆ ಮಾಡಿ, ಬೆಂಕಿ ತಾಳುವ ಗಾರೆ ಮೆತ್ತಿ, ಥಿಂಬಲ್ಲನ್ನು ತಿರುಗಿಸುತ್ತಾ ಒಳಗೆ ತಳ್ಳಿ. ಮಾಮೂಲಿ ಸಿಮೆಂಟ್ ಬಿಸಿಗೆ ಬಿರಿದು ಉದುರುತ್ತದೆ, ಅದು ಬೇಡ.

ಥಿಂಬಲ್‌ನ ಒಳತುದಿ ಲೈನರಿನ ಒಳಮೈಗೆ ಸರಿಸಮವಾಗಿ ನಿಲ್ಲಬೇಕು. ಮುಂದಕ್ಕೂ ಚಾಚಕೂಡದು, ಹಿಂದಕ್ಕೂ ಉಳಿಯಕೂಡದು. ನಾನು ಮೊದಲ ಸಲ ಜೋಡಿಸಿದಾಗ ಬಿಗಿಯಾಗಿ ಕೂರಲೆಂದು ಕೊಳವೆಯನ್ನು ಮೂರಿಂಚು ಹೆಚ್ಚಿಗೇ ತಳ್ಳಿದ್ದೆ. ಒಲೆ ಬಾಗಿಲು ತೆರೆದಾಗೆಲ್ಲ ಕೋಣೆ ತುಂಬ ಹೊಗೆ. ಬಿಚ್ಚಿ ಕನ್ನಡಿ ಹಿಡಿದು ನೋಡಿದರೆ ಕೊಳವೆಯ ತುದಿ ನಾಳದ ಅರ್ಧ ಅಗಲ ಅಡ್ಡಗಟ್ಟಿತ್ತು, ಅದರ ಮೇಲೆ ಮೇಲಿಂದ ಬಿದ್ದ ಮಸಿ ಗುಡ್ಡೆಯಾಗಿ ಕೂತಿತ್ತು. ಗಾರೆ ಹಸಿಯಿರುವಾಗಲೇ ಬೂದಿಬಾಗಿಲಿನಿಂದ ಕನ್ನಡಿ ಹಿಡಿದು ಈ ಅಂಚನ್ನು ನೋಡಿ. ಒಳಗೆ ಉಕ್ಕಿ ಬಂದ ಗಾರೆಯನ್ನು ಕೈಯಾಡಿಸಿ ಸವರಿಬಿಡಿ.

ಸ್ಟೀಲ್ ಲೈನರ್ ಇಳಿಸಿದ್ದರೆ ಅದರ ಬುಡದಲ್ಲಿ ‘ಟಿ’ ಆಕಾರದ ತುಂಡು ಇರುತ್ತದೆ. ಅದರ ಅಡ್ಡಮೂತಿ ಗೋಡೆಯ ತೂತಿನಿಂದ ಹೊರಬರುತ್ತದೆ; ಒಲೆ ಕೊಳವೆಯನ್ನು ನೇರ ಅದಕ್ಕೇ ಜೋಡಿಸಿ. ಕೆಳಗಿನ ಮುಚ್ಚಳ ಬಿಗಿಯಾಗಿರಲಿ.

ಹಂತ 6: ಕೊಳವೆ ಜೋಡಿಸಿ

ಪ್ರತಿ ತುಂಡಿನ ಒಂದು ತುದಿ ನೆರಿಗೆ ಹಿಡಿದು ಕಿರಿದಾಗಿರುತ್ತದೆ. ಆ ನೆರಿಗೆ ತುದಿ ಯಾವಾಗಲೂ ಒಲೆಯ ಕಡೆಗೆ, ಕೆಳಮುಖವಾಗಿರಲಿ. ನೋಡಿದವರಿಗೆ ಇದು ತಲೆಕೆಳಗು ಅನಿಸುತ್ತದೆ, ಹೊಗೆ ಸೋರುವುದಿಲ್ಲವೇ ಎಂದು ಕೇಳುತ್ತಾರೆ. ಎಳೆತ ಚೆನ್ನಾಗಿರುವ ಕೊಳವೆ ಸಂದಿನಿಂದ ಹೊಗೆ ಬಿಡುವುದಿಲ್ಲ, ಕೋಣೆಯ ಗಾಳಿಯನ್ನೇ ಒಳಗೆ ಸೆಳೆಯುತ್ತದೆ. ಸೋರುವುದು ಹೊಗೆಯಲ್ಲ, ರಸ. ನೆರಿಗೆ ಕೆಳಗಿದ್ದರೆ ಕೊಳವೆಯೊಳಗೆ ಇಳಿದ ಕ್ರಿಯೋಸೋಟ್ ಒಳಗೊಳಗೇ ಜಾರಿ ಒಲೆಗೆ ಬಿದ್ದು ಸುಟ್ಟುಹೋಗುತ್ತದೆ. ಮೇಲಿದ್ದರೆ ಪ್ರತಿ ಸಂದಿನಿಂದಲೂ ಕಪ್ಪುನೀರು ಹೊರಗೆ ಇಳಿದು ಒಲೆಯ ಮೇಲೆ ಕಮಟುವಾಸನೆ ಹೊಡೆಯುತ್ತದೆ.

ಒಲೆಯಿಂದ ಶುರುಮಾಡಿ ಗೋಡೆಯ ಕಡೆಗೆ ಬನ್ನಿ. ಮೊದಲು ಸ್ಕ್ರೂ ಇಲ್ಲದೆ ಪೂರ್ತಿ ಜೋಡಿಸಿ ನೋಡಿ. ರಸಮಟ್ಟ ಇಟ್ಟು ಏರು ಸರಿಯಿದೆಯೇ, ತೂಕದ ಗುಂಡು ಬಿಟ್ಟು ನೆಟ್ಟಗಿನ ಓಟ ನೇರವಿದೆಯೇ ನೋಡಿ. ಆಮೇಲೆ ಒಲೆಯ ಬಾಯಿಯೂ ಸೇರಿ ಪ್ರತಿ ಸಂದಿಗೂ ಸಮ ಅಂತರದಲ್ಲಿ ಮೂರು ಸ್ಕ್ರೂ ಹಾಕಿ. ಟೇಪು, ತಂತಿ, ಅಂಟು ಯಾವುದೂ ಸ್ಕ್ರೂವಿನ ಬದಲಿಯಲ್ಲ. ಕೊಳವೆಯೊಳಗೆ ಬೆಂಕಿ ಹೊತ್ತಿದರೆ ಅದು ಗಡಗಡ ಅದುರುತ್ತದೆ. ಸಂದು ಬಿಚ್ಚಿಕೊಳ್ಳುವುದು ಆಗಲೇ.

ಕೊಳವೆಯ ವ್ಯಾಸವನ್ನು ದಾರಿಯಲ್ಲಿ ಎಲ್ಲೂ ಕಿರಿದು ಮಾಡಬೇಡಿ.

ಥಿಂಬಲ್‌ನೊಳಗೆ ಹೋದ ಕೊಳವೆಯ ತುದಿ ಕೂಡ ನಾಳದ ಅಂಚನ್ನು ದಾಟಬಾರದು. ಸುತ್ತಲಿನ ಸಂದನ್ನು ಸೆರಾಮಿಕ್ ಹಗ್ಗ ತುರುಕಿ ಮುಚ್ಚಿ. ಗಾರೆ ಹಾಕಿ ಶಾಶ್ವತವಾಗಿ ಕಟ್ಟಿಬಿಡಬೇಡಿ, ಗುಡಿಸಲು ಬಿಚ್ಚಬೇಕಾದ ಕೊಳವೆ ಇದು.

ಬೆಂಕಿಗೂಡಿನೊಳಗೆ ಒಲೆ ಇಡುವವರಿಗೆ

ಗೋಡೆಯೊಳಗೆ ಕಟ್ಟಿದ ತೆರೆದ ಬೆಂಕಿಗೂಡು (ಫೈರ್‌ಪ್ಲೇಸ್) ಇದ್ದವರು ಒಲೆಯನ್ನು ಅದರ ಒಳಗೋ ಮುಂದೋ ಇಟ್ಟು, ಕೊಳವೆಯನ್ನು ಗೂಡಿನ ಗಂಟಲಿಗೆ ಮೇಲ್ಮುಖ ತೂರಿಸಿ ಬಿಡುತ್ತಾರೆ. ಇದು ಅಪಾಯದ ಕೆಲಸ. ಹೊಗೆ ಗೂಡಿನ ಮೇಲಿನ ಅಗಲ ಕೋಣೆಯಲ್ಲಿ ತಣಿದು, ಕ್ರಿಯೋಸೋಟ್ ಅಲ್ಲೇ ಕಟ್ಟುತ್ತದೆ, ಕೈಹಾಕಿ ಗುಡಿಸಲೂ ಬರುವುದಿಲ್ಲ. ಕೊಳವೆಯ ಬದಲು ಲೈನರ್ ಬಳಸಿ, ಕನಿಷ್ಠ ಮೊದಲ ಸುಟ್ಟಮಣ್ಣಿನ ಪೆಟ್ಟಿಗೆಯೊಳಗೆ ಹೊಕ್ಕುವಷ್ಟು ಏರಿಸಿ, ಗಂಟಲಿನ ಉಳಿದ ತೆರವನ್ನು ಉಕ್ಕಿನ ತಗಡಿನಿಂದ ಮುಚ್ಚಬೇಕು. ತುದಿಯವರೆಗೂ ಲೈನರ್ ಒಯ್ದರೆ ಇನ್ನೂ ಉತ್ತಮ. ಎಳೆತದಲ್ಲಿ ಆಗುವ ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ಹಂತ 7: ಮೊದಲ ಉರಿ

ಗಾರೆಯ ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಿ. ಉರಿ ಹಚ್ಚುವ ಮುಂಚೆ ಹೊಗೆ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡನ್ನೂ ಗೋಡೆಗೆ ಹಾಕಿ.

ಒಲೆಯ ಬಾಗಿಲು ತೆರೆದು ಒಂದು ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಒಳಕ್ಕೆ ಬಾಗಿದರೆ ಚಿಮಣಿ ಎಳೆಯುತ್ತಿದೆ. ನಿಮ್ಮ ಕಡೆಗೆ ಬಂದರೆ ನಾಳದಲ್ಲಿ ತಣ್ಣನೆ ಗಾಳಿ ಕೂತಿದೆ. ಕಾಗದವನ್ನು ಸಡಿಲವಾಗಿ ಮುದುಡಿ ಒಲೆಯ ಮೇಲ್ಭಾಗದಲ್ಲಿ ಉರಿಸಿ ಬಿಸಿ ಮಾಡಿ, ಹತ್ತಿರದ ಕಿಟಕಿ ಒಂದಿಷ್ಟು ತೆರೆಯಿರಿ. ಅಡುಗೆಮನೆಯ ಗಾಳಿ ಹೊರಹಾಕುವ ಫ್ಯಾನ್ ಓಡುತ್ತಿದ್ದರೆ ನಿಲ್ಲಿಸಿ, ಅದು ಚಿಮಣಿಯ ಎದುರಾಳಿ.

ಮೊದಲ ಮೂರು ಉರಿ ಚಿಕ್ಕದಾಗಿರಲಿ, ಒಂದಕ್ಕಿಂತ ಒಂದು ತುಸು ದೊಡ್ಡದು. ನಡುವೆ ಒಲೆ ಪೂರ್ತಿ ಆರಲಿ. ಹೊಸ ಕೊಳವೆಯ ಬಣ್ಣ ಸುಟ್ಟ ವಾಸನೆ ಮೊದಲೆರಡು ಸಲ ಬಂದೇ ಬರುತ್ತದೆ, ಕಿಟಕಿ ತೆರೆದಿಡಿ. ಮೂರನೆಯ ಉರಿ ಒಂದು ಗಂಟೆ ಉರಿದ ಮೇಲೆ ಕೊಳವೆಗೆ ಹತ್ತಿರದ ಗೋಡೆ, ಸೂರಿನ ಮೇಲೆ ಅಂಗೈ ಇಟ್ಟು ನೋಡಿ. ಐದಾರು ಸೆಕೆಂಡು ಕೈ ತಡೆಯದಷ್ಟು ಬಿಸಿಯಿದ್ದರೆ ಉರಿ ಆರಲು ಬಿಟ್ಟು ಅಂತರವನ್ನು ಮತ್ತೆ ಅಳೆಯಿರಿ.

ಕೊಳವೆಗೆ ಅಂಟುವ ಆಯಸ್ಕಾಂತದ ಥರ್ಮಾಮೀಟರ್ ಒಲೆಯಿಂದ 18 ಇಂಚು ಮೇಲೆ ಹಾಕಿಡಿ. ಒಂಟಿ ಪದರದ ಕೊಳವೆಯ ಹೊರಮೈ ಸುಮಾರು 120ರಿಂದ 240 ಡಿಗ್ರಿ ನಡುವೆ ಇರಬೇಕು. ಅದಕ್ಕಿಂತ ಕೆಳಗೆ ಬಹಳ ಹೊತ್ತು ನಿಂತರೆ ಕ್ರಿಯೋಸೋಟ್ ಕಟ್ಟುತ್ತಿದೆ. ಗಾಳಿ ಪೂರ್ತಿ ಮುಚ್ಚಿ ರಾತ್ರಿಯಿಡೀ ಕುಮುಲಲು ಬಿಡುವವರ ಚಿಮಣಿಗಳು ಬೇಗ ಕಟ್ಟಿಕೊಳ್ಳುವುದು ಇದರಿಂದಲೇ. ಸೌದೆಯ ತೇವ ಶೇ. 20ಕ್ಕಿಂತ ಕಡಿಮೆ ಇರಲಿ. ಹಸಿ ಸೌದೆ ಸುಟ್ಟರೆ ಎಂಥ ಜೋಡಣೆಯೂ ಉಳಿಯದು.

ಚಿಮಣಿಯಿಂದ ರೈಲು ಹಾದಂತೆ ಮೊರೆತ ಕೇಳಿ, ಕೊಳವೆ ಕೆಂಪಾದರೆ ಒಳಗೆ ಬೆಂಕಿ ಬಿದ್ದಿದೆ. ಒಲೆಯ ಬಾಗಿಲು, ಗಾಳಿಕಂಡಿ ಎಲ್ಲ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆತಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ನಾಳಕ್ಕೆ ನೀರು ಸುರಿಯಬೇಡಿ, ಕಾದ ಲೈನರ್ ಸಿಡಿಯುತ್ತದೆ. ಆಮೇಲೆ ಪರೀಕ್ಷೆ ಮಾಡಿಸದೆ ಆ ಚಿಮಣಿಯಲ್ಲಿ ಮತ್ತೆ ಉರಿ ಹಚ್ಚಬೇಡಿ.

ಹೊಸ ಜೋಡಣೆಯನ್ನು ಒಂದು ತಿಂಗಳು ಬಳಸಿದ ಮೇಲೆ, ಒಲೆ ತಣ್ಣಗಿರುವಾಗ, ಅಡ್ಡ ಕೊಳವೆಯನ್ನು ಬಿಚ್ಚಿ ಒಳಗೆ ನೋಡಿ. ಕಂದು ಬಣ್ಣದ ಪುಡಿಮಸಿ ತೆಳ್ಳಗೆ ಕೂತಿದ್ದರೆ ಎಲ್ಲ ಸರಿಯಿದೆ. ಚಾಕುವಿನಿಂದ ಕೆರೆದಾಗ ಪದರ 3 ಮಿಲಿಮೀಟರ್ ದಪ್ಪ ಬಂದರೆ ಅವತ್ತೇ ಚಿಮಣಿ ಗುಡಿಸಿ. ಮಸಿ ಇಷ್ಟು ಬೇಗ ಯಾಕೆ ಕಟ್ಟಿತೆಂದು ಹುಡುಕುವಾಗ ಮೊದಲು ಸೌದೆಯ ತೇವ ನೋಡಿ, ಆಮೇಲೆ ಬೂದಿಬಾಗಿಲಿನ ಸಂದು, ಕೊನೆಗೆ ನಾಳದ ಅಳತೆ. ಏನೂ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ಹಂತ 1ರ ಕನ್ನಡಿ ಮತ್ತು ಟಾರ್ಚ್ ಹಿಡಿದು ಮತ್ತೆ ಬೂದಿಬಾಗಿಲ ಮುಂದೆ ಕೂರಿ.